ಹಳ್ಳದ ಆಚೆ ಕಾಯ್ದೆ ಇರಲಿಲ್ಲ

೧೯೩೦ನೆಯ ಇಸವಿ, ಮಾರ್ಚ್ ೩೧, ಸೋಮವಾರ. “ಇಂದು ಯುಗಾದಿ. ನಾಳೆಯಿಂದ ಕಾಯ್ದೆ. ನಮ್ಮ ಓಣಿಯಲ್ಲಿ ಮೂರು ಮದುವೆ ಆದವು. ನನ್ನದು ಆಗಲಿಲ್ಲ. ಹೋಳಿಗೆ ಚೆನ್ನಾಗಿದ್ದವು.”

ನನ್ನ ದಿನಚರಿಯ ಮೊದಲ ಪುಸ್ತಕದಲ್ಲಿ ಹೀಗೆ ಬರೆದಿದೆ. ಆಗ ನನಗೆ ಹನ್ನೆರಡು ತುಂಬಿತ್ತು. ಅಂದಿನಿಂದ ಒಂದು ದಿನವೂ ಬಿಡದೆ ಬರೆದಿದ್ದೇನೆ, ಹೆರಿಗೆಯ ದಿನಗಳಲ್ಲಿ ಕೂಡ. ಸೊಸೆಯಂದಿರು ನಗುತ್ತಾರೆ, ಆದರೆ ಮನೆಯಲ್ಲಿ ಯಾವ ವಾದ ಎದ್ದರೂ ತೀರ್ಪಿಗೆ ನನ್ನ ಟ್ರಂಕಿನ ಹತ್ತಿರವೇ ಬರುತ್ತಾರೆ.

ಸರಕಾರ ಹೊಸ ಕಾಯ್ದೆ ತಂದಾಗಲೆಲ್ಲ ನಮ್ಮ ಧಾರವಾಡದ ಜನ ಮೊದಲು ಅದರಲ್ಲಿ ಸಂದಿ ಹುಡುಕುತ್ತಾರೆ, ಆಮೇಲೆ ಆ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಇದು ಆಗುತ್ತಲೇ ಇರುತ್ತದೆ. ಆ ವರ್ಷ ಬಂದದ್ದು ಬಾಲ್ಯವಿವಾಹ ತಡೆಯುವ ಕಾಯ್ದೆ. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ತುಂಬದೆ ಮದುವೆ ಮಾಡುವಂತಿಲ್ಲ. ಜಾರಿಗೆ ಬಂದದ್ದು ಏಪ್ರಿಲ್ ಒಂದಕ್ಕೆ, ಯುಗಾದಿಯ ಮರುದಿನವೇ. ಹೊಸ ವರ್ಷಕ್ಕೆ ಸರಕಾರ ಬರೇ ಬೇವು ಕಳಿಸಿದೆ, ಬೆಲ್ಲ ಮರೆತಿದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಆ ಕಾಯ್ದೆಗೆ ಒಳಪಡುವವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬಳು ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡ. ಅದಾಗಿ ಮೂರು ತಿಂಗಳಿಗೆ ಅವಳು ಹುಟ್ಟಿದಳು. ದೊಡ್ಡವ್ವ ಕೂದಲು ತೆಗೆಸಿ ಕೆಂಪು ಸೀರೆ ಉಟ್ಟು ನಮ್ಮ ಅಡಿಗೆಮನೆ ಸೇರಿದಳು. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಹೀಗಾಗಿ ದೊಡ್ಡವ್ವ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಕೊಟ್ಟು ಬೆಳೆಸಿದಳು. ಆ ಹುಡುಗಿಯನ್ನು ನಾನು ತಂಗಿ ಎಂದೇ ಕರೆಯುತ್ತಿದ್ದೆ. ನನಗಿಂತ ಒಂದು ವರ್ಷ ಚಿಕ್ಕವಳು, ಲೆಕ್ಕದಲ್ಲಿ ಬಹಳ ಮುಂದೆ. ಅದಕ್ಕೇ ಇಬ್ಬರದೂ ಒಂದೇ ತರಗತಿ, ಒಂದೇ ಬೆಂಚು. ನಗು ಬಂದರೆ ಅವಳು ಸದ್ದು ಮಾಡುತ್ತಿರಲಿಲ್ಲ. ಭುಜ ಮಾತ್ರ ಕುಣಿಯುತ್ತಿದ್ದವು, ಕೊನೆಗೆ ಒಂದು ಬಿಕ್ಕಳಿಕೆ ಬರುತ್ತಿತ್ತು. ಹಾಗೆ ನಗುವವರನ್ನು ನಾನು ಮತ್ತೆ ನೋಡಿಲ್ಲ.

ಕಟ್ಟೆಯ ಮೇಲೆ ಓದಿದ ಕಾಯ್ದೆ

ಅಪ್ಪ ಸರಕಾರಿ ಹೈಸ್ಕೂಲಿನಲ್ಲಿ ಮಾಸ್ತರ. ಕಾಯ್ದೆಯ ಒಂದು ಪ್ರತಿ ಅವನ ಹತ್ತಿರ ಇತ್ತು. ಮಾಘ ಮಾಸದಿಂದಲೇ ಓಣಿಯ ಜನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಓದಿಸಿಕೊಳ್ಳುತ್ತಿದ್ದರು, ಪುರಾಣ ಕೇಳಿದ ಹಾಗೆ. ಎದುರು ಮನೆಯ ಅರಳೆ ಸಾವಕಾರನಿಗೆ ಒಂಬತ್ತು ವರ್ಷದ ಮಗಳು. ಅವನು ದಿನಾ ಬರುತ್ತಿದ್ದ. ಇವತ್ತು ಓದಿದರೆ ನಿನ್ನೆಗಿಂತ ಬೇರೆ ಏನಾದರೂ ಬಂದೀತು ಎಂಬ ಆಸೆ ಇತ್ತೋ ಏನೋ.

ಜೇಲು ಯಾರಿಗೆ ಎಂದು ಅವನು ಕೇಳಿದ. ಮಾಡಿಕೊಟ್ಟವರಿಗೆ, ಮಾಡಿಕೊಂಡವರಿಗೆ, ಮಂತ್ರ ಹೇಳಿದವರಿಗೆ ಎಂದು ಅಪ್ಪ ಹೇಳಿದ.

ಬಾಗಿಲ ಹಿಂದಿನಿಂದ ಅಜ್ಜಿಯ ಧ್ವನಿ ಬಂತು. “ಬೀಗರಿಗೂ ಅದ ಏನೋ?”

“ಅದ ಅವ್ವಾ.”

“ಹಂಗಾರ ಕಾಯ್ದೆ ಮಾಡಿದವ್ರು ಅಗದೀ ದಡ್ಡರಲ್ಲ.”

ಅಪ್ಪ ಮುಂದೆ ಓದಿದ. ಈ ಕಾಯ್ದೆಯ ಕೆಳಗೆ ಯಾವ ಹೆಂಗಸಿಗೂ ಜೇಲು ಶಿಕ್ಷೆ ಇಲ್ಲ ಎಂದು ಒಂದು ಕಲಮು ಬಂತು. ಗಂಡಸರ ಮುಂದೆ ಎಂದೂ ಹೊಸ್ತಿಲು ದಾಟದ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಕಟ್ಟೆಗೇ ಬಂದಳು. ಇನ್ನೊಮ್ಮೆ ಓದು ಎಂದಳು. ಅವನು ಓದಿದ. ದಂಡ ಉಂಟು, ಜೇಲಿಲ್ಲ, ಖರೇ ಏನು ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

“ಹಂಗಾರ ನಮ್ಮ ಮನ್ಯಾಗಿನ ಮದಿವಿ ನಾನ ಮಾಡ್ತೀನಿ. ನೀ ದೂರ ನಿಂತು ನೋಡು.”

ಸಾವಕಾರ ಕೈ ಮುಗಿದ. “ಅಜ್ಜೀರ, ಹೆಂಗೂ ಮಾಡ್ತೀರಿ, ನನ್ನ ಮಗಳದ್ದೂ ಅದರಾಗ ಕೂಡಿಸಿಬಿಡ್ರಿ.”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನನ್ನ ಮಗಳು ಮ್ಯಾಟ್ರಿಕ್ ಆಗುವ ತನಕ ಮದುವೆಯ ಮಾತು ಈ ಮನೆಯಲ್ಲಿ ಬೇಡ ಎಂದ. ಆ ಮಾತಿನಲ್ಲಿ ತಾನೂ ಸೇರಿದ್ದೇನೆ ಎಂದು ತಂಗಿ ತಿಳಿದಳು. ನಾನೂ ಹಾಗೆಯೇ ತಿಳಿದಿದ್ದೆ. ಮ್ಯಾಟ್ರಿಕ್ ಆದ ಮೇಲೆ ಕಾಲೇಜಿನಲ್ಲಿ ಯಾರು ಕಿಟಕಿಯ ಕಡೆ ಕೂಡಬೇಕು ಎಂದು ಅಂದೇ ಜಗಳವಾಡಿದೆವು. ಕಿಟಕಿ ಅವಳ ಪಾಲಿಗೆ ಬಂತು.

ಒಂದು ವಾಜಂತ್ರಿ, ಮೂರು ಹಂದರ

ಯುಗಾದಿ ಮೂರೂವರೆ ಮುಹೂರ್ತಗಳಲ್ಲಿ ಒಂದು, ಪಂಚಾಂಗ ನೋಡುವುದೇ ಬೇಡ. ಮೇಲಾಗಿ ಕಾಯ್ದೆಗೆ ಮುಂಚಿನ ಕೊನೆಯ ದಿನ. ಅಂದು ಧಾರವಾಡ ಹುಬ್ಬಳ್ಳಿ ಎರಡೂ ಕಡೆ ಭಟ್ಟರು ಸಿಗಲಿಲ್ಲ, ಅಡಿಗೆಯವರು ಸಿಗಲಿಲ್ಲ, ಬಾಳೆ ಎಲೆ ಸಿಗಲಿಲ್ಲ. ಮುಗದದಿಂದ ಒಂದು ಗಾಡಿ ಎಲೆ ಬರುತ್ತಿದೆ ಎಂದು ಸುದ್ದಿ ಹಬ್ಬಿ ಜನ ಊರ ಹೊರಗೆ ಹೋಗಿ ಕಾದರು. ನಮ್ಮ ಓಣಿಯ ಮೂರು ಮದುವೆಗೆ ಸಿಕ್ಕದ್ದು ಒಂದೇ ವಾಜಂತ್ರಿ ಮೇಳ.

ಹಿರಿಯರು ಕೂತು ಉಪಾಯ ಮಾಡಿದರು. ಮೇಳದವರು ಓಣಿಯ ನಡುವಿನ ಬಾವಿಕಟ್ಟೆಯ ಮೇಲೆ ಕೂಡಬೇಕು. ಪ್ರತಿ ಮನೆಯ ಮಾಳಿಗೆಯ ಮೇಲೂ ಒಬ್ಬ ನಿಂತಿರಬೇಕು. ಯಾವ ಮನೆಯಲ್ಲಿ ಅಂತರಪಟ ಸರಿಯುತ್ತದೆಯೋ ಆ ಮಾಳಿಗೆಯವನು ಶಲ್ಯ ಬೀಸಬೇಕು, ಆಗ ಬಾರಿಸಬೇಕು. ಎಲ್ಲರೂ ಭೇಷ್ ಎಂದರು. ಮೇಳದವರಿಗೆ ಕಣ್ಣಿನ ಲೆಕ್ಕ ಹೇಳಿದ್ದರು, ಹಂದರದೊಳಗೆ ಕೂತವರ ಕಿವಿಯನ್ನು ಮರೆತಿದ್ದರು.

ನಾನೂ ತಂಗಿಯೂ ನಮ್ಮ ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ಮೊದಲ ಮನೆಯ ಶಲ್ಯ ಹಾರಿತು, ಡೋಲು ಸನಾದಿ ಮೊಳಗಿದವು. ವಾದ್ಯ ಕೇಳಿದೊಡನೆ ಅಕ್ಷತೆ ಹಾಕಬೇಕೆಂಬುದು ಎಲ್ಲರ ಕೈಗೂ ಗೊತ್ತು. ಮೂರೂ ಹಂದರದಲ್ಲಿ ಜನ ಒಟ್ಟಿಗೇ ಅಕ್ಷತೆ ತೂರಿದರು. ಎರಡನೆಯ ಮನೆಯಲ್ಲಿ ಅಂತರಪಟ ಹಿಡಿದವನು ಗಾಬರಿಯಾಗಿ ಬಟ್ಟೆಯನ್ನೇ ಕೈಬಿಟ್ಟ. ಭಟ್ಟರು ಅದನ್ನು ಮತ್ತೆ ಹಿಡಿಸಿ, ಮುಹೂರ್ತ ಬಂದಿಲ್ಲ, ಒಬ್ಬರನ್ನೊಬ್ಬರು ನೋಡೇ ಇಲ್ಲ ಅಂತ ತಿಳಿಯಿರಿ ಎಂದರು. ನಾ ನೋಡೇನಿ ಎಂದು ವರ ಹೇಳಿದನಂತೆ.

ಮೂರನೆಯದು ಸಾವಕಾರನ ಮನೆ. ಅಲ್ಲಿ ಮೊದಲ ವಾದ್ಯಕ್ಕೊಮ್ಮೆ, ಎರಡನೆಯದಕ್ಕೊಮ್ಮೆ ಹಾಕಿ, ನಿಜವಾದ ಮುಹೂರ್ತಕ್ಕೆ ಅಕ್ಷತೆಯೇ ಉಳಿದಿರಲಿಲ್ಲ. ಅಡಿಗೆಯವನು ಅಡ್ಡ ಬಂದರೂ ಕೇಳದೆ, ಊಟಕ್ಕೆ ಅಳೆದಿಟ್ಟ ಅಕ್ಕಿಯನ್ನೇ ಬುಟ್ಟಿಯಲ್ಲಿ ತಂದು ಹಂಚಿದರು. ಪಂಕ್ತಿಯಲ್ಲಿ ಅನ್ನ ಕಡಿಮೆ ಬಿತ್ತು.

ಆ ಮನೆಯ ಬೀಗರು ಬಹಳ ವರ್ಷ ಆಡಿಕೊಂಡರು. “ಅವ್ರ ಮನ್ಯಾಗ ತಲಿ ಮ್ಯಾಲೆ ಬಿದ್ದಷ್ಟು ಅಕ್ಕಿ ಎಲಿ ಮ್ಯಾಲೆ ಬೀಳಲಿಲ್ಲರಿ.”

ನಮ್ಮ ಮನೆಯಲ್ಲಿ ಏನೂ ನಡೆಯಲಿಲ್ಲ. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಹೊಸ್ತಿಲ ಮೇಲೆ ಪತ್ರಿಕೆ ಓದುತ್ತ ಕೂತಿದ್ದ. ಸಂಜೆ ಅಜ್ಜಿ ದೀಪ ಹಚ್ಚಿ, ಹುಡುಗಿಯ ಮದುವೆಯ ದಿನ ಮುಗಿದುಹೋಯಿತು ಎಂದು ಗಟ್ಟಿಯಾಗಿ ಅತ್ತಳು. ನಾವಿಬ್ಬರೂ ಗೆದ್ದೆವೆಂದು ತಿಳಿದು ಎರಡೆರಡು ಹೋಳಿಗೆ ಹೆಚ್ಚು ತಿಂದೆವು.

ಒಬ್ಬಳಿಗೆ ಮೂರು ವಯಸ್ಸು

ವೈಶಾಖದಲ್ಲಿ ಅಪ್ಪ ಪರೀಕ್ಷೆಯ ಪೇಪರು ನೋಡಲು ಪುಣೆಗೆ ಹೋದ. ಅವನು ಹೋದ ಮೂರನೆಯ ದಿನ ಅಜ್ಜಿ ನಮ್ಮಿಬ್ಬರಿಗೂ ರೇಷ್ಮೆ ಪರಕಾರ ತೊಡಿಸಿ, ತನ್ನ ತಮ್ಮನ ತೋಟಕ್ಕೆ ಮಾವಿನಹಣ್ಣು ತಿನ್ನಲು ಹೋಗೋಣ ಎಂದಳು. ಮಾವಿನಹಣ್ಣು ತಿನ್ನಲು ರೇಷ್ಮೆ ಏಕೆ ಎಂದು ನಾನು ಯೋಚಿಸಲಿಲ್ಲ. ಹನ್ನೆರಡರ ಬುದ್ಧಿ.

ಹುಬ್ಬಳ್ಳಿಯ ರೈಲುಗಾಡಿಯಲ್ಲಿ ನಮ್ಮ ಎದುರಿಗೆ ಒಂದು ಮದುವೆಯ ದಿಬ್ಬಣ ಕೂತಿತ್ತು. ಮದುಮಗಳು ನಿದ್ದೆಗಣ್ಣಿನಲ್ಲಿ ತಾಯಿಯ ಮೇಲೆ ಒರಗಿದ್ದಳು. ಅದೇ ಡಬ್ಬಿಯಲ್ಲಿ ಒಬ್ಬ ಪೊಲೀಸ್ ಜಮಾದಾರ ಇದ್ದ. ಅವನು ಏನೂ ಕೇಳಿರಲಿಲ್ಲ. ಆದರೂ ಹುಡುಗಿಯ ಕಾಕಾ ದಾರಿಯುದ್ದಕ್ಕೂ ಅವನಿಗೆ ಕೇಳಿಸುವ ಹಾಗೆ, ನಮ್ಮ ಹುಡುಗಿಗೆ ಹದಿನಾಲ್ಕು ತುಂಬಿ ಎರಡು ತಿಂಗಳಾಯಿತು, ಮೈ ಅಷ್ಟೇ ಸಣ್ಣ ಎಂದು ಹೇಳುತ್ತ ಬಂದ.

ಹುಬ್ಬಳ್ಳಿಯಲ್ಲಿ ಇಳಿದೆವು. ಗೇಟಿನಲ್ಲಿ ಟಿಕೀಟು ಮಾಸ್ತರ ಆ ಹುಡುಗಿಯ ಟಿಕೀಟು ನೋಡಿದ. ಅರ್ಧ ಟಿಕೀಟು. ಹನ್ನೆರಡರ ಕೆಳಗಿನವರಿಗೆ ಮಾತ್ರ ಅದು ನಡೆಯುತ್ತಿತ್ತು. ವಯಸ್ಸೆಷ್ಟು ಎಂದ. ಹನ್ನೊಂದು ಎಂದ ಕಾಕಾ. ಹಿಂದೆಯೇ ಜಮಾದಾರ ನಿಂತಿದ್ದ. ಹುಬ್ಬಳ್ಳಿ ಬರುವ ತನಕ ಹದಿನಾಲ್ಕಿತ್ತಲ್ಲರಿ ಎಂದ. ಕಾಕಾ ಬೆವೆತ. ಟಿಕೀಟಿಗೆ ಹೆದರುವುದೋ ಜೇಲಿಗೆ ಹೆದರುವುದೋ ತಿಳಿಯದೆ ಇಬ್ಬರಿಗೂ ಕೈ ಮುಗಿದ. ಟಿಕೀಟು ಮಾಸ್ತರ ಬಗ್ಗಿ ಹುಡುಗಿಯನ್ನೇ ಕೇಳಿದ.

“ಎರಡೂ ಅಲ್ಲರಿ,” ಎಂದಳು ಹುಡುಗಿ, “ನಂಗ ಒಂಬತ್ತು.”

ತಂಗಿ ನನ್ನ ಕೈ ಹಿಡಿದಿದ್ದಳು. ಅವಳ ಭುಜ ಕುಣಿಯತೊಡಗಿದವು. ಬಿಕ್ಕಳಿಕೆ ಬರುವ ಮುಂಚೆ ಲೆಕ್ಕ ಹೇಳಿದಳು. “ಅಕ್ಕಾ, ಒಂಬತ್ತು, ಹನ್ನೊಂದು, ಹದಿನಾಕು. ಕೂಡಿಸಿ ಮೂರರಿಂದ ಭಾಗಿಸಿದ್ರ ಹನ್ನೊಂದರ ಮ್ಯಾಲೆ ಚೂರು ಬರ್ತದ. ಅರ್ಧ ಟಿಕೀಟ ಖರೇ ಅದ.”

ಟಿಕೀಟು ಮಾಸ್ತರನಿಗೆ ಕೇಳಿಸಿತು. ಅವನು ಅವಳ ಮುಖ ನೋಡಿ, ಈ ಹುಡುಗಿಯನ್ನು ಚೆನ್ನಾಗಿ ಓದಿಸಿರಿ ಎಂದು ಅಜ್ಜಿಗೆ ಹೇಳಿ, ಆ ದಿಬ್ಬಣವನ್ನು ಬಿಟ್ಟುಬಿಟ್ಟ.

ಹಳ್ಳ ದಾಟಿದ ಹಂದರ

ಆಗ ಹುಬ್ಬಳ್ಳಿಯ ಆಚೆ ಕುಂದಗೋಳದ ಕಡೆಗೆ ಸಂಸ್ಥಾನದ ಹದ್ದಿ ಇತ್ತು. ಅಲ್ಲಿ ರಾಜರ ಆಳ್ವಿಕೆ, ಸರಕಾರದ ಈ ಕಾಯ್ದೆ ಅಲ್ಲಿಗೆ ಹೊಂದುತ್ತಿರಲಿಲ್ಲ. ಅಜ್ಜಿಯ ತಮ್ಮನ ಮಾವಿನ ತೋಟ ಅಲ್ಲಿಯ ಒಂದು ಹಳ್ಳದ ದಂಡೆಗೆ ಇತ್ತು. ಚಕ್ಕಡಿ ಇಳಿದು ನೋಡಿದರೆ ತೋಟದಲ್ಲಿ ಹಂದರ, ಒಲೆ, ಭಟ್ಟರು. ನನಗೆ ಅರಿಷಿಣ ಹಚ್ಚಿದಾಗ ತಿಳಿಯಿತು. ವರ ಸಂಸ್ಥಾನದ ಕಚೇರಿಯಲ್ಲಿ ಕಾರಕೂನ, ಇಪ್ಪತ್ತು ವರ್ಷದವನು, ಗೋತ್ರ ಕೂಡಿತ್ತು, ಅಜ್ಜಿ ಮಾತು ಕೊಟ್ಟಿದ್ದಳು. ನಾನು ಅತ್ತೆ. ಅಳುವುದು ಮದುಮಗಳ ಲಕ್ಷಣ ಎಂದು ಹೆಂಗಸರು ಸಂತೋಷಪಟ್ಟರು.

ನಮ್ಮಲ್ಲಿ ಮದುಮಗಳ ಪಕ್ಕದಲ್ಲಿ ಒಬ್ಬ ಹುಡುಗಿ ಕಳಸ ಹಿಡಿದು ನಿಲ್ಲಬೇಕು. ಅವಳು ಕಳಸಗಿತ್ತಿ. ಕೆಲಸ ಮುಗಿಯುವ ತನಕ ಆ ಕಳಸವನ್ನು ನೆಲಕ್ಕಿಡುವಂತಿಲ್ಲ. ಕಳಸವನ್ನು ತಂಗಿಯ ಕೈಗೆ ಕೊಟ್ಟರು.

ಭಟ್ಟರು ಸಂಕಲ್ಪಕ್ಕೆ ಕೂತಿದ್ದರು. ಗುಲ್ಲು ಕೇಳಿ ಊರ ಕಾವಲಿನ ವಾಲೀಕಾರ ಬಂದ, ಬಡಿಗೆ ಊರಿ ನಿಂತು ಸಮಾಧಾನವಾಗಿ ಕೇಳಿದ. “ಸಣ್ಣ ಹುಡುಗೀ ಮದಿವಿ ಕಾಣತೈತಿ. ಸರಕಾರಿ ಹದ್ದಿನ್ಯಾಗ ಯಾಕ ಇಟಗೊಂಡ್ರಿ?”

ಇದು ಸಂಸ್ಥಾನದ ಹದ್ದಿ ಎಂದು ಅಜ್ಜಿಯ ತಮ್ಮ ಗದರಿದ. ಅಲ್ಲ ಎಂದ ವಾಲೀಕಾರ. ಹದ್ದಿಯ ಕಲ್ಲು ಹಳ್ಳದ ಆಚೆ ಇದೆ, ಈ ತೋಟದ ತೀರ್ವೆಯನ್ನು ಇಷ್ಟು ವರ್ಷ ಸರಕಾರಕ್ಕೇ ಕಟ್ಟುತ್ತಿದ್ದೀರಲ್ಲ ಎಂದ. ಅಜ್ಜಿಯ ತಮ್ಮ ಯೋಚಿಸಿದ. ಹೌದು, ಕಟ್ಟುತ್ತಿದ್ದ. ಯಾರಿಗೆ ಎಂದು ನೋಡಿರಲಿಲ್ಲ.

ಭಟ್ಟರು ಪಂಚಾಂಗ ಮಡಚಿದರು. ಹೆದರಬೇಡಿ, ನಾನಿದ್ದೇನೆ ಎಂದಳು ಅಜ್ಜಿ.

“ನೀವು ಹೆಂಗಸರು, ನಿಮಗ ಜೇಲಿಲ್ಲ,” ಎಂದರು ಭಟ್ಟರು. “ನನಗ ಅದ.”

ಹಳ್ಳದ ಆಚೆ ಹೋಗುವುದೆಂದಾಯಿತು. ಬೇಸಿಗೆ, ನೀರು ಪಾದ ಮುಳುಗುವಷ್ಟೇ ಇತ್ತು. ಹಂದರದ ಗಳ ಕಿತ್ತರು. ತೆಂಗಿನ ಗರಿ ಹೊತ್ತರು. ಹೋಮದ ಬೆಂಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹಿಡಿದು ಭಟ್ಟರು ಮುಂದೆ ನಡೆದರು. ಅಡಿಗೆಯವನು ಮಾತ್ರ ಅಲ್ಲಾಡಲಿಲ್ಲ. ಅಡಿಗೆಗೆ ಹದಿನಾಲ್ಕು ತುಂಬಬೇಕೆಂದು ಯಾವ ಕಾಯ್ದೆಯೂ ಇಲ್ಲ, ನಾನು ಇಲ್ಲೇ ಬೇಯಿಸುತ್ತೇನೆ ಎಂದ. ಹೀಗಾಗಿ ಮದುವೆ ಸಂಸ್ಥಾನದಲ್ಲಿ, ಸಾರು ಸರಕಾರದಲ್ಲಿ.

ಬಾಸಿಂಗ ಕಟ್ಟಿದ ವರನ ಕಾಲು ನೀರಿಗೆ ತಾಗಬಾರದೆಂದು ಇಬ್ಬರು ಆಳುಗಳು ಅವನನ್ನು ಹೊತ್ತರು. ವರ ತೂಕದವನು. ನಡು ಹಳ್ಳದಲ್ಲಿ ಅವರಿಗೆ ಸಾಕಾಗಿ ಒಂದು ಬಂಡೆಯ ಮೇಲೆ ಇಳಿಸಿ ಉಸಿರು ತೆಗೆದುಕೊಂಡರು. ಬಾಸಿಂಗ, ಹಾರ, ಸುತ್ತ ನೀರು. ಅಲ್ಲಿ ಕೂತ ಅವನು ಥೇಟ್ ಚೌತಿಯ ಗಣಪತಿಯ ಹಾಗೆ ಕಾಣುತ್ತಿದ್ದ.

ದಂಡೆಯಿಂದ ಅಜ್ಜಿ ಕೂಗಿದಳು. “ಈಗ ಮುಳುಗಿಸಬ್ಯಾಡ್ರೋ, ಇನ್ನೂ ಮದಿವಿ ಆಗಬೇಕು.”

ಅಳುತ್ತಿದ್ದ ನಾನೂ ನಕ್ಕೆ. ತಂಗಿಯ ಭುಜ ಕುಣಿದು ಕಳಸದ ನೀರು ಅವಳ ಎದೆಯ ಮೇಲೆ ಚೆಲ್ಲಿತು. ಕೈ ಬಿಡುವಂತಿರಲಿಲ್ಲ, ಮುಖ ಒರೆಸಿಕೊಳ್ಳುವಂತಿರಲಿಲ್ಲ. ಬಿಕ್ಕಳಿಕೆ ಬರುತ್ತಲೇ ಇತ್ತು.

ಆ ಕಡೆ ಹಂದರ ಮತ್ತೆ ನಿಲ್ಲುವ ಹೊತ್ತಿಗೆ ಮುಹೂರ್ತ ಮೀರಿತ್ತು. ಭಟ್ಟರು ಗೋಧೂಳಿ ಲಗ್ನಕ್ಕೆ ಮಾಡೋಣ ಎಂದರು. ಆ ತಡದಲ್ಲಿ ಅಪ್ಪ ಬಂದ. ಪುಣೆಯ ಕೆಲಸ ಬೇಗ ಮುಗಿದು ಅಂದು ಬೆಳಿಗ್ಗೆ ಧಾರವಾಡಕ್ಕೆ ಬಂದವನು, ಮನೆಯಲ್ಲಿ ದೊಡ್ಡವ್ವ ಒಬ್ಬಳೇ ಇರುವುದನ್ನು ಕಂಡ. ವಿಧವೆಯಾದ್ದರಿಂದ ಮದುವೆಗೆ ಅವಳನ್ನು ಕರೆದೊಯ್ದಿರಲಿಲ್ಲ. ಯಾರಿಗೂ ಹೇಳಬಾರದೆಂದು ಅಜ್ಜಿ ಆಣೆ ಹಾಕಿಸಿದ್ದಳು. ದೊಡ್ಡವ್ವ ಆಣೆ ಮುರಿದು ಹೇಳಿದಳು. ಅಪ್ಪ ಸೈಕಲ್ಲನ್ನು ಗಾಡಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಿಸಿಲಲ್ಲಿ ತುಳಿದುಕೊಂಡೇ ಬಂದಿದ್ದ.

ಅವನು ಹಳ್ಳ ದಾಟಲಿಲ್ಲ. ಸರಕಾರಿ ನೌಕರ, ಆಚೆ ಕಾಲಿಟ್ಟರೆ ಮದುವೆಗೆ ಬಂದ ಹಾಗಾಗುತ್ತದೆ ಎಂದು ಹೆದರಿದ. ಸೈಕಲ್ ಹಿಡಿದು ಈಚೆ ದಂಡೆಯಲ್ಲೇ ನಿಂತು ನನ್ನನ್ನು ಕರೆದ.

“ಎದ್ದು ಬಾ. ಇತ್ತಾಗ ಕಾಯ್ದೆ ಅದ.”

ಅಜ್ಜಿ ನನ್ನ ಸೆರಗು ಹಿಡಿದಳು, ಮಗನ ಮುಖ ನೋಡಿ ಬಿಟ್ಟಳು. ನಾನು ಧಾರೆಯ ಸೀರೆ ಎತ್ತಿಕೊಂಡು ನೀರಿಗಿಳಿದೆ.

ಹಿಂದಿನಿಂದ ತಂಗಿ ಕೇಳಿದಳು. “ಕಾಕಾ, ನಾನೂ ಬರಲೇನು?”

“ಕಳಸಾ ಕೆಳಗ ಇಡಬಾರದವಾ,” ಎಂದ ಅಪ್ಪ. “ನೀ ಅಜ್ಜೀ ಜೋಡಿ ಬಾ.”

ಸೈಕಲ್ಲಿನ ಮೇಲೆ ಒಬ್ಬಳಿಗೇ ಜಾಗ ಇತ್ತು. ನಾನು ಹಿಂದೆ ತಿರುಗಿ ನೋಡಲಿಲ್ಲ. ಬಾಸಿಂಗ ಬಿಚ್ಚಲೂ ಮರೆತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬ ಟಾಂಗಾದವನು, ಮಾಸ್ತರ, ಅವಸರದಾಗ ಅಳಿಯನ್ನ ಮರತು ಬಂದೀರಿ ಎಂದ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಾವಿಬ್ಬರೂ ಸ್ಟೇಶನ್ನಿನ ತನಕ ನಗುತ್ತ ಬಂದೆವು.

ಮರುದಿನ ಅಜ್ಜಿ ಒಬ್ಬಳೇ ಬಂದಳು. ಬಾಸಿಂಗ ಕಟ್ಟಿದ ವರ ಬರಿಗೈಯಲ್ಲಿ ತಿರುಗಬಾರದು. ತಂಗಿಯದೂ ಗೋತ್ರ ಅದೇ, ಮನೆತನ ಅದೇ. ಕಳಸವನ್ನು ಇನ್ನೊಂದು ಹುಡುಗಿಯ ಕೈಗೆ ಕೊಟ್ಟು ತಂಗಿಯನ್ನು ಮಣೆಯ ಮೇಲೆ ನಿಲ್ಲಿಸಿದರಂತೆ. ಬೀಗರು ತಂದ ಸೀರೆ ಅವಳಿಗೆ ಬಹಳ ಉದ್ದವಾಗಿ ಎರಡು ಸುತ್ತು ಹೆಚ್ಚು ಸುತ್ತಿದರಂತೆ. ಅಪ್ಪ ಕುರ್ಚಿಯಿಂದ ಏಳಲಿಲ್ಲ. ದೊಡ್ಡವ್ವ ಅಡಿಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಎಲ್ಲವನ್ನೂ ಕೇಳಿದಳು. ಕೊನೆಗೆ, ಊಟ ಮಾಡಿದಳೇನು ಎಂದು ಮಾತ್ರ ಕೇಳಿದಳು.

ಅಪ್ಪ ಸಂಸ್ಥಾನದ ಕಚೇರಿಗೆ ಹೋಗಿಬಂದ. ನಿಮ್ಮ ಕಾಯ್ದೆ ನಿಮ್ಮ ಕಡೆಗೆ ಎಂದರು. ನಮ್ಮ ಕಾಯ್ದೆಯೂ ಮಾಡಿದವರನ್ನು ಶಿಕ್ಷಿಸುತ್ತಿತ್ತೇ ಹೊರತು ಆದ ಮದುವೆಯನ್ನು ಮುರಿಯುತ್ತಿರಲಿಲ್ಲ. ತಂಗಿ ಮತ್ತೆ ಶಾಲೆಗೆ ಬರಲಿಲ್ಲ. ಎರಡು ದೀಪಾವಳಿಗೆ ಮನೆಗೆ ಬಂದಳು, ಆಮೇಲೆ ಗಂಡನ ಮನೆಯವರು ಕಳಿಸಲಿಲ್ಲ. ಹದಿನಾರನೆಯ ವಯಸ್ಸಿಗೆ ಮೊದಲ ಹೆರಿಗೆಯಲ್ಲಿ ಹೋದಳು, ಮಗುವೂ ಉಳಿಯಲಿಲ್ಲ. ಆ ವಾರ ನಾನು ಮ್ಯಾಟ್ರಿಕ್ ಪರೀಕ್ಷೆಗೆ ಕೂತಿದ್ದೆ. ಪರೀಕ್ಷೆ ಮುಗಿಯುವ ತನಕ ನನಗೆ ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ನಾನು ಬಿ.ಎ. ಆದ ಸುದ್ದಿ ಬಂದ ದಿನ, ದೊಡ್ಡವ್ವ ಒಳಗಿನಿಂದ ಸಕ್ಕರೆ ತಂದು ನನ್ನ ಕೈಗೆ ಹಾಕಿ, ಒಲೆಯ ಮುಂದೆ ಹೋಗಿ ಕೂತಳು.